ನಾಲ್ಕನೆಯ ಗುಂಡಿ

ದುರ್ಗಿಗುಡಿಯಲ್ಲಿ, ಪಾತ್ರೆ ಅಂಗಡಿಯ ಮೇಲೆ, ಎರಡನೇ ಮಹಡಿ.
ರಾತ್ರಿ ಪಾಳಿ. ಹನ್ನೊಂದು ಜನ, ಹನ್ನೊಂದು ಪರದೆ,
ಒಂದೇ ಫ್ಲಾಸ್ಕು.
ಫೋನುಗಳೆಲ್ಲ ಬಾಗಿಲಾಚೆ, ಬೀಗ ಹಾಕಿದ ಸ್ಟೀಲ್ ಡಬ್ಬಿಯಲ್ಲಿ
ಆಗಾಗ ಗುಂಯ್‌ಗುಡುತ್ತವೆ, ಹಿಡಿದಿಟ್ಟ ದುಂಬಿಗಳ ಹಾಗೆ.

ನಮ್ಮ ಕೆಲಸ ಇಷ್ಟೆ: ಚೌಕ ಬರೆಯುವುದು.
ಎಲ್ಲೋ ಗಡಿಯ ಮೇಲೆ ಡ್ರೋನು ಕಂಡದ್ದು
ಊರಿನ ಹೆಸರು ಅಳಿಸಿಕೊಂಡು ಇಲ್ಲಿಗೆ ಬರುತ್ತದೆ.
ಕಪ್ಪು ನೆಲ. ಅದರ ಮೇಲೆ ಬಿಳಿ ಬಿಳಿಯಾಗಿ ಕಾವು.
ಕಾವಿಗೆ ಮೀಸೆಯಿಲ್ಲ, ಕುಂಕುಮವಿಲ್ಲ.
ಮಲಗಿದ ಎಮ್ಮೆಯೂ ಬಿಳಿ,
ಈಗಷ್ಟೆ ನಿಂತ ಜೀಪಿನ ಮೂತಿಯೂ ಬಿಳಿ,
ಯಾರೋ ಕೂತು ಎದ್ದುಹೋದ ಕಲ್ಲೂ
ಒಂದು ಗಳಿಗೆ ಬಿಳಿ.

ಚೌಕ ಎಳೆದ ಮೇಲೆ ಗುಂಡಿ ಒತ್ತಬೇಕು.
ಒಂದು: ಪ್ರಾಣಿ. ಎರಡು: ನಾಗರಿಕ. ಮೂರು: ಸಶಸ್ತ್ರ.
ನಾಲ್ಕು: ಖಚಿತವಿಲ್ಲ.
ಮೊದಲ ಮೂರಕ್ಕೆ ಎಪ್ಪತ್ತು ಪೈಸೆ, ನಾಲ್ಕಕ್ಕೆ ಇಪ್ಪತ್ತು.
"ನೂರಕ್ಕೆ ಮೂರರ ಮೇಲೆ ನಾಲ್ಕು ಒತ್ತಬೇಡ್ರಮ್ಮ" ಎನ್ನುತ್ತಾರೆ
ಸೂಪರ್‌ವೈಸರ್ ಫ್ಲೇವಿಯಾ ಮೇಡಂ, ಮೆತ್ತಗೆ,
"ಯಂತ್ರಕ್ಕೆ ಅನುಮಾನ ಕಲಿಸಿದರೆ
ಅದೂ ನಮ್ಮ ಹಾಗೆ ತಡ ಮಾಡುತ್ತೆ."

ಪಕ್ಕದ ಕುರ್ಚಿಯ ದಾಕ್ಷಾಯಣಿ ತಡ ಮಾಡುವವಳಲ್ಲ.
ಮೂರು, ಮೂರು, ಎರಡು, ಮೂರು.
ಅವಳ ತಮ್ಮ ಕಾವಲು ಠಾಣೆಯಲ್ಲಿದ್ದವನು,
ಮಂಜಿನಲ್ಲಿ ಬಂದವರನ್ನು ಕುರಿಮಂದೆ ಎಂದುಕೊಂಡ.
ಈಗ ಹೊಳೆಹೊನ್ನೂರಿನಲ್ಲಿ ಝೆರಾಕ್ಸ್ ಅಂಗಡಿ,
ಸ್ಟೂಲಿನ ಪಕ್ಕ ಬಿಚ್ಚಿ ಒರಗಿಸಿಟ್ಟ ಕಾಲು.
"ಒಂದು ಕಣ್ಣಿದ್ದಿದ್ದರೆ ಅಲ್ಲಿ, ತೂಕಡಿಸದ ಒಂದೇ ಒಂದು ಕಣ್ಣು..."
ಅಂದವಳು ಮಾತು ಮುಗಿಸಲಿಲ್ಲ, ಟೀ ಬಗ್ಗಿಸಿ ಕೊಟ್ಟಳು.
ನಾನೇನು ಹೇಳಲಿ. ಅವಳು ಹೇಳುವುದು ಸುಳ್ಳಲ್ಲ.

ಎರಡೂವರೆಗೆ ಬಂತು ಒಂದು ತುಣುಕು. ಆರು ಸೆಕೆಂಡು.
ಗುಡ್ಡದ ಏರು, ಮರ ದಟ್ಟ. ಒಂಟಿ ಮನುಷ್ಯ.
ಹೆಗಲ ಮೇಲೆ ಉದ್ದಕ್ಕೆ ಏನೋ; ತಣ್ಣಗಿರುವುದು, ಅದಕ್ಕೇ ಕಪ್ಪು,
ಬಿಳಿ ಮೈಯನ್ನು ಅಡ್ಡ ಸೀಳಿದಂತೆ.
ಮೂರು, ಎಂದಿತು ಬೆರಳು.

ಆದರೆ ಆ ನಡಿಗೆ.
ಎಡಗಾಲು ಊರುವ ಮೊದಲು ನೆಲವನ್ನೊಮ್ಮೆ ಕೇಳುವ ನಡಿಗೆ.
ನನ್ನಪ್ಪ ಹೂವಪ್ಪ, ಲೈನ್‌ಮನ್, ಹೊಸನಗರ ಸೆಕ್ಷನ್ನು.
ಗಾಳಿಗೆ ತಂತಿ ಹರಿದ ರಾತ್ರಿ ಹುಲಿಕಲ್ ಘಾಟಿಯ ಬದಿ
ಒಬ್ಬನೇ ಹತ್ತುತ್ತಿದ್ದ,
ಹೆಗಲಲ್ಲಿ ತುದಿಗೆ ಕೊಕ್ಕೆಯಿದ್ದ ಕೋಲು,
ಸೊಂಟದಲ್ಲಿ ಕತ್ತಿ, ಬೆನ್ನಿಗೆ ತಂತಿಯ ಸುರುಳಿ.
ಒಮ್ಮೆ ಕೂಂಬಿಂಗಿನವರು ಅಡ್ಡಗಟ್ಟಿದರಂತೆ,
ಟಾರ್ಚು ಮುಖಕ್ಕೆ, ನಳಿಗೆ ಎದೆಗೆ.
"ಯಾರೋ?"
"ಕರೆಂಟು ಸ್ವಾಮಿ!"
ಅಪ್ಪ ಸಾಯುವವರೆಗೂ ಇದನ್ನು ನಗುತ್ತಲೇ ಹೇಳಿದ.
ಬಂದೂಕು ಇಳಿಸಿದ ಹುಡುಗನಿಗೆ ಕೈ ನಡುಗುತ್ತಿತ್ತು,
ತನಗಿಂತ ಜಾಸ್ತಿ, ಪಾಪ,
ಒಂದೇ ಬೀಡಿಯನ್ನು ಇಬ್ಬರೂ ಸೇದಿದೆವು, ಎಂದು.

ತುಣುಕನ್ನು ಮತ್ತೆ ಓಡಿಸಿದೆ. ಹನ್ನೆರಡು ಸೆಕೆಂಡು.
ಇನ್ನೊಮ್ಮೆ. ಹದಿನೆಂಟು.
ಕಂಬ ಹುಡುಕಿದೆ, ತಂತಿ ಹುಡುಕಿದೆ.
ಈ ಚಿತ್ರಗಳಿಗೆ ದನಿಯಿಲ್ಲ.
"ಯಾರೋ" ಎಂದು ಕೇಳಲು ಅಲ್ಲಿ ಬಾಯಿಲ್ಲ,
ಕೇಳಿದರೂ ಇವನ ಉತ್ತರ ಅಷ್ಟೆತ್ತರಕ್ಕೆ ಮುಟ್ಟದು.
ಕೋವಿಯೇ ಇರಬಹುದು.
ನನ್ನ ಹದಿನೆಂಟು ಸೆಕೆಂಡಿನಲ್ಲಿ ಇನ್ಯಾರದೋ ತಮ್ಮ
ಕಾಲು ಕಳೆದುಕೊಳ್ಳಲೂಬಹುದು.
ದಾಕ್ಷಾಯಣಿಯ ಕಡೆ ನೋಡಲಿಲ್ಲ.

ನಾಲ್ಕು.

ಬೆಳಿಗ್ಗೆ ಗೋಡೆಯ ಹಲಗೆಯಲ್ಲಿ ನನ್ನ ಹೆಸರಿನ ಮುಂದೆ
ಮೂರು ಪಾಯಿಂಟ್ ಒಂದು, ಕೆಂಪು ಶಾಯಿ.
ಫ್ಲೇವಿಯಾ ಮೇಡಂ ಏನೂ ಅನ್ನಲಿಲ್ಲ, ಪೆನ್ನಿನ ಮುಚ್ಚಳ ಹಾಕಿದರು.

ಗೋಪಿ ಸರ್ಕಲ್ಲಿನಲ್ಲಿ ಬೀದಿದೀಪ ಒಟ್ಟಿಗೆ ಆರಿದವು,
ಯಾರದೋ ಕೈ, ಎಲ್ಲೋ.
ಮೋಡವಿಲ್ಲ, ಸದ್ದಿಲ್ಲ, ಮೇಲೆ ಬರೀ ಹದ್ದು.
ಮಡಿಸಿದ ಕೊಡೆ ಹೆಗಲ ಮೇಲಿತ್ತು.
ಯಾಕೋ ಇಳಿಸಿ
ಕಂಕುಳಲ್ಲಿಟ್ಟುಕೊಂಡೆ.